ಒಂದೇ ಕಂಪ್ಯೂಟರ್, ಎರಡು ಆಪರೇಟಿಂಗ್ ಸಿಸ್ಟಂ: ಐದು ದಾರಿಗಳಲ್ಲಿ ನಿಮ್ಮದು ಯಾವುದು?

"ವಿಂಡೋಸ್ ಬಿಡೋಕಾಗಲ್ಲ, ಲಿನಕ್ಸೂ ಬೇಕು, ಇರೋದು ಒಂದೇ ಲ್ಯಾಪ್‌ಟಾಪ್. ಏನ್ ಮಾಡೋದು?" ಹಾಸನದ ಹಾಸ್ಟೆಲ್‌ಗಳಲ್ಲಿರುವ ಇಂಜಿನಿಯರಿಂಗ್ ಹುಡುಗರು ಕೇಳುವುದೂ ಇದನ್ನೇ, ಮೂಡಿಗೆರೆ ಕಡೆಯ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್‌ಗಳು ಕೇಳುವುದೂ ಇದನ್ನೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ಆಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿ ಆಗಿದೆ. ಯಾಕೆಂದರೆ ಹಳೇ ಮಷಿನ್‌ಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಇಲ್ಲವೇ ಅದಕ್ಕಿಂತ ಹೊಸದು ಬೇಕು.

ಬಹಳ ಜನ ಡ್ಯುಯಲ್ ಬೂಟ್ (ಎರಡನ್ನೂ ಹಾಕಿಟ್ಟು, ಆನ್ ಮಾಡುವಾಗ ಒಂದನ್ನು ಆರಿಸುವುದು) ಒಂದೇ ದಾರಿ ಅಂದುಕೊಂಡು ನೇರವಾಗಿ ಹಾರ್ಡ್‌ಡಿಸ್ಕ್ ಭಾಗ ಮಾಡಲು ಕೂರುತ್ತಾರೆ. ನಿಜವಾಗಿ ಐದು ದಾರಿಗಳಿವೆ. ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ಇಡಬಹುದು. ಎರಡು ಡಿಸ್ಕ್ ಹಾಕಿ ಒಂದೊಂದಕ್ಕೆ ಒಂದೊಂದು ಕೊಡಬಹುದು. ವಿಂಡೋಸ್ ಒಳಗೇ ವರ್ಚುವಲ್ ಮಷಿನ್ (ತಂತ್ರಾಂಶದಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಓಡಿಸಬಹುದು. ವಿಂಡೋಸ್ ಜೊತೆಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್ಎಲ್ ಬಳಸಬಹುದು. ಇಲ್ಲವೇ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಬಹುದು.

ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸಲು ನಾನು ಮೊದಲು ಕೇಳುವುದು ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಅಲ್ಲ. ದಿನಕ್ಕೆ ಎಷ್ಟು ಸಲ ಆ ಕಡೆಯಿಂದ ಈ ಕಡೆಗೆ ಬರಬೇಕು? ಇದು ಮೊದಲ ಪ್ರಶ್ನೆ. ವಾರಕ್ಕೊಮ್ಮೆ ಟ್ಯಾಲಿ ತೆಗೆಯುವವರಿಗೆ ರೀಸ್ಟಾರ್ಟ್ ಮಾಡುವುದು ಕಷ್ಟವಲ್ಲ. ಗಂಟೆಗೆರಡು ಸಲ ವರ್ಡ್ ಫೈಲ್ ನೋಡಿಕೊಂಡು ಪ್ರೋಗ್ರಾಂ ಬರೆಯುವವರಿಗೆ ಡ್ಯುಯಲ್ ಬೂಟ್ ದೊಡ್ಡ ಕಿರಿಕಿರಿ. ಒಂದೇ ವಾರದಲ್ಲಿ ಒಂದು ಕಡೆ ಕೂತುಬಿಡುತ್ತಾರೆ, ಇನ್ನೊಂದು ಸುಮ್ನೆ ಜಾಗ ತಿನ್ನುತ್ತಾ ಬಿದ್ದಿರುತ್ತದೆ.

ಎರಡನೆಯದು ನಮ್ಮ ಮಲೆನಾಡಿನ ಪ್ರಶ್ನೆ: ಕರೆಂಟ್ ಮತ್ತು ನೆಟ್ ಹೇಗಿದೆ? ಕೊಪ್ಪ, ಶೃಂಗೇರಿ, ಸಕಲೇಶಪುರದ ಮೇಲ್ಭಾಗದಲ್ಲಿ ಮಳೆಗಾಲ ಶುರುವಾದರೆ ಲೈನ್ ಮೇಲೆ ಮರ ಬೀಳುವುದು ಮಾಮೂಲು. ಬೆಂಗಳೂರಿನಲ್ಲಿ ಕೂತು ಮಾಡಿದ ವಿಡಿಯೋಗಳಲ್ಲಿ ಈ ಮಾತು ಬರುವುದೇ ಇಲ್ಲ. ಆದರೆ ಇಲ್ಲಿ ಅರ್ಧ ತೀರ್ಮಾನ ಇದರ ಮೇಲೇ ಆಗುತ್ತದೆ.

ಕೋಡಿಂಗ್‌ಗೆ ಮಾತ್ರ ಲಿನಕ್ಸ್ ಬೇಕಾದರೆ

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಟರ್ಮಿನಲ್, ಜಿಸಿಸಿ, ಪೈಥಾನ್, ಗಿಟ್ ಇಷ್ಟೇ ಆದರೆ ಡಿಸ್ಕ್ ಮುಟ್ಟಲೇಬೇಡಿ. ಡಬ್ಲ್ಯುಎಸ್ಎಲ್ ಸಾಕು. ಮೈಕ್ರೋಸಾಫ್ಟ್ ಇದನ್ನು 2016ರಲ್ಲಿ ತಂದಿತು. 2019ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ (ಸಿಸ್ಟಂನ ತಿರುಳು) ಓಡುತ್ತದೆ. ಒಂದು ಕಮಾಂಡ್ ಕೊಟ್ಟು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಬಂದು ಕೂರುತ್ತದೆ. ವಿಂಡೋಸ್ 11ರಲ್ಲಿ ಲಿನಕ್ಸ್‌ನ ಕಿಟಕಿ ಇರುವ ಪ್ರೋಗ್ರಾಂಗಳೂ ತೆರೆಯುತ್ತವೆ. ಒಂದು ಪಕ್ಕ ವರ್ಡ್‌ನಲ್ಲಿ ಲ್ಯಾಬ್ ರೆಕಾರ್ಡ್, ಇನ್ನೊಂದು ಪಕ್ಕ ಟರ್ಮಿನಲ್. ರೀಸ್ಟಾರ್ಟ್ ಮಾತೇ ಇಲ್ಲ.

ಒಂದು ವಿಷಯ ಮಾತ್ರ ಗಮನದಲ್ಲಿ ಇರಲಿ. ನಿಮ್ಮ ಕೋಡ್ ಫೈಲ್‌ಗಳನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲೇ ಇಡಿ. ಸಿ ಡ್ರೈವ್‌ನಲ್ಲಿಟ್ಟು ಅಲ್ಲಿಂದ ಓಡಿಸಿದರೆ ಕೆಲಸ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಇದು ಹೊಂದುವುದಿಲ್ಲ, 8 ಜಿಬಿ ಬೇಕು.

ಲಿನಕ್ಸ್ ಡೆಸ್ಕ್‌ಟಾಪ್ ಪೂರ್ತಿ ಬೇಕು, ಸರ್ವರ್ ಹಾಕಿ ಕಲಿಯಬೇಕು, ಕೆಡಿಸಿ ಮತ್ತೆ ಕಟ್ಟಬೇಕು ಎನ್ನುವವರಿಗೆ ವರ್ಚುವಲ್ ಮಷಿನ್ ಒಳ್ಳೆಯದು. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ವಿಂಡೋಸ್ ಹೋಮ್‌ನಲ್ಲೂ ಓಡುತ್ತದೆ. ಇದರ ಒಳ್ಳೆಯ ಗುಣ ಸ್ನ್ಯಾಪ್‌ಶಾಟ್. ಏನಾದರೂ ಪ್ರಯೋಗ ಮಾಡುವ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟ ಮೇಲೆ ಹಳೇ ಸ್ಥಿತಿಗೆ ಬರುವುದು ಒಂದು ನಿಮಿಷದ ಕೆಲಸ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಎರಡು ಸಿಸ್ಟಂ ಒಟ್ಟಿಗೆ ಓಡುವುದರಿಂದ ರ‍್ಯಾಮ್ 16 ಜಿಬಿ ಇದ್ದರೆ ಚೆನ್ನ, 8 ಜಿಬಿಯಲ್ಲಿ ಎಳೆದಾಡಬೇಕು. ಗ್ರಾಫಿಕ್ಸ್ ಕಾರ್ಡ್‌ನ ಪೂರ್ತಿ ಬಲವೂ ಒಳಗಿನ ಸಿಸ್ಟಂಗೆ ಸಿಗುವುದಿಲ್ಲ. ಆನ್ ಆಗದೇ ತಕರಾರು ಮಾಡಿದರೆ ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪರದೆ) ಹೋಗಿ ವರ್ಚುವಲೈಸೇಷನ್ ಆನ್ ಇದೆಯಾ ನೋಡಿ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಫ್ ಆಗಿರುತ್ತದೆ.

ಇದನ್ನೇ ತಿರುವುಮುರುವು ಮಾಡಿ, ಲಿನಕ್ಸ್ ಹಾಕಿ ಅದರೊಳಗೆ ವಿಂಡೋಸ್ ಓಡಿಸೋಣ ಎನ್ನುವವರೂ ಇದ್ದಾರೆ. ಆಗಬಹುದು. ಆದರೆ ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಆ ಮಷಿನ್‌ಗೇ ಅಂಟಿಕೊಂಡಿರುತ್ತದೆ. ವರ್ಚುವಲ್ ಮಷಿನ್‌ಗೆ ಬೇರೆ ಲೈಸೆನ್ಸ್ ತೆಗೆದುಕೊಳ್ಳಬೇಕಾಗುತ್ತದೆ.

ವಿಂಡೋಸ್ ಬಿಡಲಾಗದವರು ಯಾರು?

ಎಸ್ಟೇಟ್ ಆಫೀಸಿನಲ್ಲಿ ಬಟವಾಡೆ ಲೆಕ್ಕ, ಟ್ಯಾಲಿ, ಜಿಎಸ್‌ಟಿ ನೋಡುವವರು ವಿಂಡೋಸ್ ಇಟ್ಟುಕೊಳ್ಳಲೇಬೇಕು. ಟ್ಯಾಲಿ ವಿಂಡೋಸ್‌ಗಾಗಿಯೇ ಮಾಡಿದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರೂ ಹಾಗೇ. ಲಿನಕ್ಸ್‌ನಲ್ಲಿ ಅದನ್ನು ನಡೆಸಲು ಹೋಗಿ ಜಿಎಸ್‌ಟಿ ರಿಟರ್ನ್ ಕೊನೇ ದಿನ ಒದ್ದಾಡುವುದು ಬೇಡ. ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯವರಿಗೆ ಕೋರೆಲ್‌ಡ್ರಾ, ಫೋಟೋಶಾಪ್, ಪೇಜ್‌ಮೇಕರ್ ಇಲ್ಲದೆ ಆಗುವುದಿಲ್ಲ. ಇವು ಯಾವುವೂ ಲಿನಕ್ಸ್‌ಗೆ ಬರುವುದಿಲ್ಲ.

ಕನ್ನಡ ಟೈಪಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಜನ ಸುಳ್ಳು ಹೆದರಿಕೆ ಇಟ್ಟುಕೊಂಡಿದ್ದಾರೆ. ಯುನಿಕೋಡ್ ಕನ್ನಡ (ಮೊಬೈಲ್, ವೆಬ್‌ನಲ್ಲಿ ಕಾಣುವ ಕನ್ನಡ) ಬರೆಯಲು ಲಿನಕ್ಸ್‌ನಲ್ಲಿ ಏನೂ ತೊಂದರೆ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆಗೆದು ಕನ್ನಡ ಸೇರಿಸಿದರೆ ಕಗಪ ವಿನ್ಯಾಸವೂ ಸಿಗುತ್ತದೆ, ಇನ್‌ಸ್ಕ್ರಿಪ್ಟೂ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ಕಗಪದಲ್ಲಿ ಬೇಗ ಒಗ್ಗಿಕೊಳ್ಳುತ್ತದೆ. ನೋಟೋ, ಲೋಹಿತ್ ಫಾಂಟ್‌ಗಳ ಜೊತೆಗೆ ನಮ್ಮ ಗುಬ್ಬಿ, ನವಿಲು ಫಾಂಟ್‌ಗಳೂ ಉಬುಂಟುವಿನ ಪ್ಯಾಕೇಜ್‌ಗಳಲ್ಲೇ ಇವೆ. ತೊಂದರೆ ಇರುವುದು ಯುನಿಕೋಡ್ ಅಲ್ಲದ ಹಳೇ ಆಸ್ಕಿ ಕ್ರಮದ ನುಡಿ ಫೈಲ್‌ಗಳಲ್ಲಿ. ಪಂಚಾಯ್ತಿ, ಸೊಸೈಟಿ, ಪತ್ರ ಬರೆಯುವವರ ಹತ್ತಿರ ಇಂಥ ಫೈಲ್‌ಗಳು ರಾಶಿ ಬಿದ್ದಿವೆ. ಫಾಂಟ್ ಹಾಕಿಕೊಂಡರೆ ಲಿನಕ್ಸ್‌ನಲ್ಲಿ ಓದಬಹುದು. ಆದರೆ ಅದೇ ರೀತಿ ತಿದ್ದಿ ಬರೆಯಬೇಕಾದರೆ ನುಡಿ ತಂತ್ರಾಂಶವೇ ಬೇಕು, ಅದಕ್ಕೆ ವಿಂಡೋಸ್ ಬೇಕು. ದಿನವೂ ಇದೇ ಕೆಲಸ ಇರುವವರು ವಿಂಡೋಸ್ ಅನ್ನು ಮೂಲೆಗೆ ತಳ್ಳಬಾರದು.

ಪ್ರಿಂಟರ್ ಮತ್ತೊಂದು. ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ತಾವಾಗೇ ಸಿಗುತ್ತವೆ. ಅಂಗಡಿಗಳಲ್ಲಿರುವ ಕೆಲವು ಹಳೇ ಸಣ್ಣ ಲೇಸರ್ ಪ್ರಿಂಟರ್‌ಗಳು ಮಾತ್ರ ಜಪ್ಪಯ್ಯ ಅಂದರೂ ಸುಲಭಕ್ಕೆ ಮಾತು ಕೇಳುವುದಿಲ್ಲ. ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಒಂದು ಪುಟ ಪ್ರಿಂಟ್ ತೆಗೆದು ನೋಡಿ, ಆಮೇಲೆ ಮುಂದುವರಿಯಿರಿ.

ಪೆನ್‌ಡ್ರೈವ್ ದಾರಿ

ಈ ದಾರಿಯನ್ನು ನಾನು ಎಲ್ಲರಿಗೂ ಮೊದಲ ಮೆಟ್ಟಿಲಾಗಿ ಹೇಳುತ್ತೇನೆ. ಲಿನಕ್ಸ್ ಮಿಂಟ್‌ನ ಐಎಸ್ಒ ಫೈಲ್ (ಇಡೀ ಸಿಸ್ಟಂ ಇರುವ ಒಂದೇ ಫೈಲ್) ಸುಮಾರು 3 ಜಿಬಿ, ಉಬುಂಟು 24.04ರದ್ದು 6 ಜಿಬಿ ಹತ್ತಿರ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಮೊಬೈಲ್‌ನಲ್ಲಿ ಇದನ್ನು ಇಳಿಸಲು ಕೂತರೆ ಆಗುವ ಮಾತಲ್ಲ. ಟೌನ್‌ನಲ್ಲಿ ಫೈಬರ್ ಇರುವ ಸ್ನೇಹಿತರ ಮನೆಯಲ್ಲಿ ಇಳಿಸಿಕೊಂಡು ಬನ್ನಿ. ಮನೆಯಲ್ಲೇ ಇಳಿಸುವುದಾದರೆ ಟೊರೆಂಟ್ ಬಳಸಿ. ನೆಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಇಳಿದ ಮೇಲೆ ಚೆಕ್‌ಸಮ್ (ಫೈಲ್ ಪೂರ್ತಿ ಬಂದಿದೆಯಾ ಎಂದು ತಾಳೆ ನೋಡುವ ಸಂಖ್ಯೆ) ಸರಿ ಇದೆಯಾ ನೋಡಿ. ಫೈಲ್ ಅರೆಬರೆ ಬಂದಿದ್ದರೆ ಇನ್‌ಸ್ಟಾಲ್ ನಡುವೆ ನಿಂತು ಕಾರಣವೇ ತಿಳಿಯುವುದಿಲ್ಲ.

8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶ ಬಳಸಿ ಆ ಐಎಸ್ಒ ಹಾಕಿ, ಅದರಿಂದ ಬೂಟ್ ಮಾಡಿ. ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಬ್ರೈಟ್‌ನೆಸ್ ಬಟನ್ ಕೆಲಸ ಮಾಡುತ್ತಾ, ಮಡಚಿ ತೆರೆದರೆ ಎದ್ದೇಳುತ್ತಾ, ಎಲ್ಲ ನೋಡಿಕೊಳ್ಳಿ. ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿದರೆ ನೆಟ್ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಬಹುದು.

ಇದನ್ನೇ ಕಾಯಂ ದಾರಿ ಮಾಡಿಕೊಳ್ಳುವುದಾದರೆ ಪೆನ್‌ಡ್ರೈವ್ ಬೇಡ. ನಿಧಾನ, ಬೇಗ ಸವೆಯುತ್ತದೆ. ಹೊರಗಿನ ಎಸ್‌ಎಸ್‌ಡಿ ತಂದು ಅದರ ಮೇಲೆ ಪೂರ್ತಿ ಇನ್‌ಸ್ಟಾಲ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕ್ ಮುಟ್ಟುವ ಹಾಗಿಲ್ಲ ಎನ್ನುವವರಿಗೂ ಇದು ಹೊಂದುತ್ತದೆ, ಆದರೆ ಆಫೀಸಿನವರನ್ನು ಕೇಳಿಯೇ ಮಾಡಿ.

ಡ್ಯುಯಲ್ ಬೂಟೇ ಬೇಕು ಅಂದರೆ

4 ಜಿಬಿ ರ‍್ಯಾಮ್‌ನ ಹಳೇ ಮಷಿನ್, ಪೂರ್ತಿ ವೇಗ ಬೇಕಾದ ಕೆಲಸ, ಗ್ರಾಫಿಕ್ಸ್ ಕಾರ್ಡ್ ಬಳಸುವ ಕೆಲಸ, ಅಥವಾ ನೆಟ್ ಮುಟ್ಟದ ಟ್ಯಾಲಿಗೆ ವಿಂಡೋಸ್ 10 ಇಟ್ಟುಕೊಂಡು ಬ್ಯಾಂಕು, ಮೇಲ್, ಓದು ಎಲ್ಲ ಲಿನಕ್ಸ್‌ನಲ್ಲಿ ಮಾಡುವ ಆಲೋಚನೆ. ಇಂಥ ಕಡೆ ಡ್ಯುಯಲ್ ಬೂಟ್ ಸರಿ. ಆಗಲೂ ನನ್ನ ಸಲಹೆ ಒಂದೇ: ಸಾಧ್ಯವಿದ್ದರೆ ಎರಡು ಡಿಸ್ಕ್ ಹಾಕಿ.

ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಬಾಗಿಲು ಬೇರೆ ಬೇರೆ ಇದ್ದರೆ ಜಗಳ ಕಮ್ಮಿ, ಅಲ್ವಾ? ಇಲ್ಲೂ ಹಾಗೇ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಉಳಿಯುತ್ತದೆ. ವಿಂಡೋಸ್ ಮತ್ತೆ ಹಾಕಬೇಕಾದರೆ ಲಿನಕ್ಸ್‌ಗೆ ಭಯವಿಲ್ಲ. ಪಾರ್ಟಿಷನ್ (ಡಿಸ್ಕ್‌ನ ಭಾಗ) ಕುಗ್ಗಿಸುವ ಕೆಲಸವೇ ಇಲ್ಲ, ಹಾಗಾಗಿ ನಡುವೆ ಕರೆಂಟ್ ಹೋದರೂ ವಿಂಡೋಸ್‌ನ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ಒಂದು ಸಾಟಾ ಎಸ್‌ಎಸ್‌ಡಿ ಮತ್ತು ಕೇಬಲ್ ಸಾಕು. ಲ್ಯಾಪ್‌ಟಾಪ್ ಆದರೆ ಹಿಂದಿನ ಮುಚ್ಚಳ ಬಿಚ್ಚಿ ಎಂ.2 ಸ್ಲಾಟ್ (ಚಿಕ್ಕ ಎಸ್‌ಎಸ್‌ಡಿ ಕೂರುವ ಜಾಗ) ಖಾಲಿ ಇದೆಯಾ ನೋಡಬೇಕು. ಸ್ಲಾಟ್ ಇದ್ದ ಮಾತ್ರಕ್ಕೆ ಎಲ್ಲ ಎಸ್‌ಎಸ್‌ಡಿ ಕೂರುವುದಿಲ್ಲ. ಕೆಲವು ಸ್ಲಾಟ್ ಸಾಟಾ ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ಎನ್‌ವಿಎಂಇ ಮಾತ್ರ. ಅಂಗಡಿಗೆ ಹೋಗುವ ಮುಂಚೆ ಮಾಡೆಲ್ ನಂಬರ್ ಹಾಕಿ ತಿಳಿದುಕೊಳ್ಳಿ. ಡಿವಿಡಿ ಡ್ರೈವ್ ಇರುವ ಹಳೇ ಲ್ಯಾಪ್‌ಟಾಪ್ ಆದರೆ ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಹಿಡಿಯುವ ಚೌಕಟ್ಟು) ಹಾಕಿ ಎರಡನೇ ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎರಡು ದಪ್ಪದಲ್ಲಿ ಬರುತ್ತದೆ, ಅಳತೆ ನೋಡಿ ತನ್ನಿ.

ಎರಡು ಡಿಸ್ಕ್ ಇದ್ದಾಗ ಒಂದು ಎಚ್ಚರ. ಕೆಲವು ಇನ್‌ಸ್ಟಾಲರ್‌ಗಳು ಲಿನಕ್ಸನ್ನು ಎರಡನೇ ಡಿಸ್ಕ್‌ಗೆ ಹಾಕಿ, ಬೂಟ್‌ಲೋಡರ್ (ಸಿಸ್ಟಂ ಎಬ್ಬಿಸುವ ಸಣ್ಣ ಪ್ರೋಗ್ರಾಂ) ಮಾತ್ರ ವಿಂಡೋಸ್ ಡಿಸ್ಕ್‌ನ ಇಎಫ್ಐ ಎಂಬ ಬೂಟ್ ಪಾರ್ಟಿಷನ್‌ಗೆ ಹಾಕಿಬಿಡುತ್ತವೆ. ಹಾಗಾದರೆ ಬೇರೆ ಬಾಗಿಲು ಇಟ್ಟ ಉದ್ದೇಶವೇ ಹೋಯಿತು. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ. ಮುಗಿದ ಮೇಲೆ ಸಿಕ್ಕಿಸಿ. ಆಮೇಲೆ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ ಯಾವುದು ಬೇಕೋ ಆರಿಸಿಕೊಳ್ಳಿ.

ಒಂದೇ ಡಿಸ್ಕ್ ಇರುವವರು

ಬೇರೆ ದಾರಿ ಇಲ್ಲದಿದ್ದರೆ ಒಂದೇ ಡಿಸ್ಕ್‌ನಲ್ಲೂ ಚೆನ್ನಾಗಿಯೇ ನಡೆಯುತ್ತದೆ, ತಯಾರಿ ಸರಿ ಇರಬೇಕು ಅಷ್ಟೇ. ಮೊದಲು ಬ್ಯಾಕಪ್. ಅದೂ ಬೇರೆ ಡಿಸ್ಕ್‌ಗೆ. ಡಿ ಡ್ರೈವ್‌ಗೆ ಕಾಪಿ ಮಾಡಿದ್ದು ಬ್ಯಾಕಪ್ ಅಲ್ಲ, ಅದೂ ಅದೇ ಡಿಸ್ಕ್.

ಆಮೇಲೆ ಎನ್‌ಕ್ರಿಪ್ಷನ್, ಅಂದರೆ ಡಿಸ್ಕ್‌ಗೆ ಹಾಕುವ ಬೀಗ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಬಯೋಸ್ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ನಿಮ್ಮದೇ ಫೋಟೋ ನಿಮಗೆ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಆ ಕೀ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಇದೆ. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗಲೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ನಿಲ್ಲುತ್ತದೆ. ಆಗ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್ ತೆರೆದರೆ ಓದಲು ಮಾತ್ರ ಬರುತ್ತದೆ, ಬರೆಯಲು ಬಿಡುವುದಿಲ್ಲ.

ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಉಬುಂಟು 25 ಜಿಬಿಯಲ್ಲೂ ಕೂರುತ್ತದೆ, ಆದರೆ ಆರಾಮಾಗಿ ಇರಲು 60ರಿಂದ 100 ಜಿಬಿ ಕೊಡಿ. ವಿಂಡೋಸ್ ಪಾರ್ಟಿಷನ್‌ನ ಶುರುವನ್ನು ಲಿನಕ್ಸ್ ಕಡೆಯಿಂದ ಸರಿಸುವ ಕೆಲಸ ಮಾತ್ರ ಬೇಡವೇ ಬೇಡ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಫೈಲ್‌ಗಳು ಕೈಬಿಟ್ಟ ಹಾಗೆ. ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ತುಂಬಿ ಚಾರ್ಜರ್ ಹಾಕಿಟ್ಟುಕೊಳ್ಳಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಜೂನ್, ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಕೇಳುವ ಪರದೆ ಬಂದಾಗ ಅವಸರ ಬೇಡ. 'ಇರೇಸ್ ಡಿಸ್ಕ್' ಎಂದರೆ ವಿಂಡೋಸ್ ಸಮೇತ ಎಲ್ಲ ಹೋಗುತ್ತದೆ. 'ಅಲಾಂಗ್‌ಸೈಡ್' ಎಂದು ಬರೆದಿರುವುದು ನಿಮಗೆ ಬೇಕಿರುವುದು. ಡಿಸ್ಕ್‌ಗಳಿಗೆ ಅಲ್ಲಿ ಸಿ, ಡಿ ಎಂಬ ಹೆಸರು ಇರುವುದಿಲ್ಲ, ಅಳತೆ ನೋಡಿಯೇ ಗುರುತು ಹಿಡಿಯಬೇಕು. ವಿಂಡೋಸ್‌ನಲ್ಲಿ 476 ಎಂದು ತೋರಿಸುತ್ತಿದ್ದ ಡಿಸ್ಕ್ ಇಲ್ಲಿ 512 ಎಂದು ಕಾಣಬಹುದು. ಗಾಬರಿ ಬೇಡ, ಅದೇ ಡಿಸ್ಕ್, ಲೆಕ್ಕ ಹಾಕುವ ಕ್ರಮ ಬೇರೆ. ಡಿಸ್ಕೇ ಕಾಣಿಸದಿದ್ದರೆ ಇಂಟೆಲ್ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ಸೆಟ್ಟಿಂಗ್ ಕಾರಣ. ಅದನ್ನು ಬಯೋಸ್‌ನಲ್ಲಿ ಒಮ್ಮೆಗೇ ಬದಲಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೋಗುವಂತೆ ಇಟ್ಟು, ಆಮೇಲೆ ಬದಲಿಸಬೇಕು.

ಎರಡೂ ಕಡೆ ಬೇಕಾದ ಫೈಲ್‌ಗಳಿಗೆ ಒಂದು ಪಾರ್ಟಿಷನ್ ಬೇರೆ ಇಟ್ಟುಕೊಳ್ಳಿ. ಇದಕ್ಕೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಸೂಚಿಸುವವರಿದ್ದಾರೆ. ನಾನು ಎನ್‌ಟಿಎಫ್‌ಎಸ್ ಎನ್ನುತ್ತೇನೆ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲ, ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡುವ ಸಾಧ್ಯತೆ ಜಾಸ್ತಿ. ನಮ್ಮ ಕಡೆಗೆ ಅದು ಸರಿಬರುವುದಿಲ್ಲ.

ಹಾಕಿದ ಮೇಲೆ ಕಾಣುವ ತೊಂದರೆಗಳು

ಮೊದಲ ದಿನವೇ ಕಾಣುವುದು ಗಡಿಯಾರ. ಲಿನಕ್ಸ್‌ನಲ್ಲಿ ಕೆಲಸ ಮಾಡಿ ವಿಂಡೋಸ್‌ಗೆ ಬಂದರೆ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಮಧ್ಯಾಹ್ನ 3 ಗಂಟೆಗೆ ಬೆಳಿಗ್ಗೆ 9.30 ಎಂದು ತೋರಿಸುತ್ತದೆ. ಮದರ್‌ಬೋರ್ಡ್‌ನ ಸೆಲ್ ಹೋಯಿತು ಅಂದುಕೊಂಡು ಅಂಗಡಿಗೆ ಒಯ್ಯುವವರಿದ್ದಾರೆ. ಸೆಲ್ ಚೆನ್ನಾಗಿಯೇ ಇರುತ್ತದೆ. ಲಿನಕ್ಸ್ ಆ ಗಡಿಯಾರದಲ್ಲಿ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಭಾರತದ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ, ವ್ಯತ್ಯಾಸ ಅಷ್ಟೇ ಬರುತ್ತದೆ. ಲಿನಕ್ಸ್‌ಗೆ 'ಊರಿನ ಸಮಯವನ್ನೇ ಬರೆ' ಎಂದು ಒಂದು ಕಮಾಂಡ್‌ನಲ್ಲಿ ಹೇಳಿದರೆ ಸರಿಹೋಗುತ್ತದೆ. ಟ್ಯಾಲಿ, ಬ್ಯಾಂಕ್ ಕೆಲಸ ಇರುವವರು ಇದನ್ನು ಮೊದಲ ದಿನವೇ ಮಾಡಿ, ಇಲ್ಲದಿದ್ದರೆ ತಾರೀಕು ಹೆಚ್ಚುಕಮ್ಮಿ ಆಗುತ್ತದೆ.

ಇನ್ನೊಂದು, ವಿಂಡೋಸ್ ಅಪ್‌ಡೇಟ್. ಒಮ್ಮೊಮ್ಮೆ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮೆನು ಬರದೇ ನೇರ ವಿಂಡೋಸ್ ತೆರೆಯುತ್ತದೆ. ಹೆಚ್ಚಿನ ಸಲ ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಾಗಿರುತ್ತದೆ ಅಷ್ಟೇ, ಮತ್ತೆ ಲಿನಕ್ಸ್ ಮೇಲೆ ಇಟ್ಟರೆ ಸಾಕು. 2024ರ ಆಗಸ್ಟ್ ಅಪ್‌ಡೇಟ್ ಮಾತ್ರ ಸ್ವಲ್ಪ ಜೋರಾಗಿತ್ತು. ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಂ ಮಾತ್ರ ಏಳಲು ಬಿಡುವ ಕಾವಲು) ಆನ್ ಇದ್ದ ಬಹಳ ಡ್ಯುಯಲ್ ಬೂಟ್ ಮಷಿನ್‌ಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಹಾಗಾಗಿ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡದೆ ಎತ್ತಿಟ್ಟುಕೊಂಡಿರಿ. ಏನೇ ಕೆಟ್ಟರೂ ಅದರಿಂದ ಬೂಟ್ ಮಾಡಿ ಫೈಲ್‌ಗಳನ್ನು ತೆಗೆಯಬಹುದು.

ಬೇಡ ಅನ್ನಿಸಿದರೆ ತೆಗೆಯುವುದು ಹೇಗೆ ಎಂಬುದನ್ನೂ ಆರಿಸುವ ಮುಂಚೆ ತೂಗಿ ನೋಡಿ. ಡಬ್ಲ್ಯುಎಸ್ಎಲ್ ಮತ್ತು ವರ್ಚುವಲ್ ಮಷಿನ್ ಆದರೆ ಬೇರೆ ಪ್ರೋಗ್ರಾಂ ತೆಗೆದ ಹಾಗೆ ತೆಗೆಯಬಹುದು. ಹೊರಗಿನ ಎಸ್‌ಎಸ್‌ಡಿ ಆದರೆ ಕಿತ್ತಿಟ್ಟರೆ ಆಯಿತು. ಎರಡನೇ ಡಿಸ್ಕ್ ಆದರೆ ಅದನ್ನು ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸಬಹುದು. ಒಂದೇ ಡಿಸ್ಕ್‌ನ ಡ್ಯುಯಲ್ ಬೂಟ್ ಆದರೆ ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ವಿಂಡೋಸ್ ಸರಿಯಾಗಿ ಏಳುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ಅಳಿಸಿ. ಬಿಡುವಾದ ಜಾಗ ಸಿ ಡ್ರೈವ್‌ನ ಪಕ್ಕದಲ್ಲೇ ಇದ್ದರೆ ಮಾತ್ರ ಅದಕ್ಕೆ ಸೇರಿಸಲು ಬರುತ್ತದೆ. ನಡುವೆ ರಿಕವರಿ ಪಾರ್ಟಿಷನ್ ಇದ್ದರೆ ಆ ಜಾಗಕ್ಕೆ ಹೊಸ ಡ್ರೈವ್ ಅಕ್ಷರ ಕೊಟ್ಟು ಹಾಗೇ ಬಳಸಿ.